ಬಾನಿಯಿಲ್ಲದ ಗುರುಮನೆ: ನಾದಿಯಾ ಬೂಲಾಂಜೆ ಕಲಿಸಿದ್ದೇನು?

ನಮ್ಮ ಸಂಗೀತದಲ್ಲಿ ಹೊಸಬರೊಬ್ಬರ ಕಛೇರಿ ಕೇಳಿ ಹೊರಬಂದವರು ಮೊದಲು ವಿಚಾರಿಸುವುದು ‘ಯಾರ ಶಿಷ್ಯರು?’ ಎಂದು. ಪಳಗಿದ ಕಿವಿಗೆ ಉತ್ತರ ಅದಾಗಲೇ ಅರ್ಧ ತಿಳಿದಿರುತ್ತದೆ. ವೀಣೆಯ ಮೀಟಿನಲ್ಲಿ ಮೈಸೂರು ಬಾನಿ ತಾನಾಗಿ ಮುಖ ತೋರುತ್ತದೆ. ಒಂದೊಂದೇ ಸ್ವರವನ್ನು ನಿಧಾನವಾಗಿ ಹಚ್ಚಿ ಬೆಳೆಸುವ ರೀತಿಯಲ್ಲಿ ಕಿರಾಣಾ ಘರಾಣೆ ಕೇಳಿಸುತ್ತದೆ. ಗುರುವಿನ ನಡೆ ಶಿಷ್ಯರ ಸಂಗೀತದಲ್ಲಿ ಉಳಿಯುವುದು ನಮಗೆ ಸಹಜವಷ್ಟೇ ಅಲ್ಲ, ಅದು ಒಳ್ಳೆಯ ಪಾಠದ ಗುರುತೂ ಹೌದು.

ಈ ಅಳತೆಗೋಲನ್ನು ಹಿಡಿದುಕೊಂಡು ಪ್ಯಾರಿಸ್ಸಿನ ನಾದಿಯಾ ಬೂಲಾಂಜೆ ಅವರ ಶಿಷ್ಯರ ಸಂಗೀತವನ್ನು ಕೇಳಲು ಕುಳಿತರೆ ಲೆಕ್ಕ ತಪ್ಪುತ್ತದೆ. ಅಮೆರಿಕದ ವಿಸ್ತಾರವಾದ ಬಯಲುಗಳಿಗೆ ಒಂದು ನಾದವನ್ನು ಕೊಟ್ಟ ಆರನ್ ಕೊಪ್ಲಂಡ್, ಅರ್ಜೆಂಟೀನಾದ ಟ್ಯಾಂಗೊ ಕುಣಿತದ ಸಂಗೀತವನ್ನು ಕೂತು ಕೇಳುವ ಸಂಗೀತವನ್ನಾಗಿ ಮಾಡಿದ ಆಸ್ಟರ್ ಪಿಯಾಸೊಲಾ, ಚಿಕ್ಕ ಸ್ವರಗುಚ್ಛಗಳನ್ನು ಮರಳಿ ಮರಳಿ ಆವರ್ತಿಸಿ ಕಟ್ಟಡ ಕಟ್ಟುವ ಫಿಲಿಪ್ ಗ್ಲಾಸ್, ಮೈಕೆಲ್ ಜಾಕ್ಸನ್ ಅವರ ‘ಥ್ರಿಲ್ಲರ್’ ಧ್ವನಿಮುದ್ರಿಕೆಯನ್ನು ನಿರ್ಮಿಸಿದ ಕ್ವಿನ್ಸಿ ಜೋನ್ಸ್, ಶ್ಯಾಮ್ ಬೆನಗಲ್ ಅವರ ಚಿತ್ರಗಳಿಗೆ ಸಂಗೀತ ಕೊಟ್ಟ ನಮ್ಮ ವನರಾಜ್ ಭಾಟಿಯಾ ಇವರೆಲ್ಲರೂ ಒಂದೇ ಮನೆಯ ಒಂದೇ ಕೋಣೆಯಲ್ಲಿ ಪಾಠ ಹೇಳಿಸಿಕೊಂಡವರು. ಇವರಲ್ಲಿ ಯಾರ ಸಂಗೀತವೂ ಇನ್ನೊಬ್ಬರದರಂತೆ ಕೇಳುವುದಿಲ್ಲ. ಗುರುವಿನ ಸಂಗೀತದಂತೆಯಂತೂ ಅಲ್ಲವೇ ಅಲ್ಲ. ಹಾಗಿದ್ದರೆ ಸುಮಾರು ಎಪ್ಪತ್ತೈದು ವರ್ಷ ಆ ಮನೆಯಲ್ಲಿ ನಡೆದ ಪಾಠ ಯಾವುದು? ಬಾನಿಯನ್ನು ಕೊಡದ ಗುರು ಕೊಡುವುದಾದರೂ ಏನನ್ನು?

ನಾದಿಯಾ ಹುಟ್ಟಿದ್ದು 1887ರ ಸೆಪ್ಟೆಂಬರ್ 16ರಂದು, ಪ್ಯಾರಿಸ್ಸಿನಲ್ಲಿ. ತಂದೆ ಅರ್ನೆಸ್ಟ್ ಬೂಲಾಂಜೆ ಸಂಯೋಜಕರು, ಪ್ಯಾರಿಸ್ ಕನ್ಸರ್ವೇಟರಿ ಎಂಬ ಸಂಗೀತ ವಿದ್ಯಾಲಯದಲ್ಲಿ ಗಾಯನದ ಅಧ್ಯಾಪಕರು. ಮಗಳು ಹುಟ್ಟಿದ ದಿನ ಅವರಿಗೆ ಸರಿಯಾಗಿ 72 ತುಂಬಿತ್ತು. ತಾಯಿ ರಾಯೀಸಾ ರಷ್ಯಾದವರು, ಗಂಡನಿಗಿಂತ ಬಹಳ ಚಿಕ್ಕವರು, ಮಕ್ಕಳ ಕಲಿಕೆಯಲ್ಲಿ ಒಂದಿಷ್ಟೂ ಸಡಿಲ ಬಿಡದವರು. ಸಂಗೀತದ ಮನೆಯಲ್ಲಿ ಹುಟ್ಟಿದ ಈ ಮಗುವಿಗೆ ಮೊದಲ ಕೆಲವು ವರ್ಷ ಸಂಗೀತದ ಸದ್ದೇ ಆಗುತ್ತಿರಲಿಲ್ಲವಂತೆ. ಪಿಯಾನೊ ನುಡಿದರೆ ಅಳುತ್ತ ಅಡಗಿಕೊಳ್ಳುತ್ತಿತ್ತಂತೆ. ಸುಮಾರು ಐದನೆಯ ವಯಸ್ಸಿನಲ್ಲಿ ಒಂದು ದಿನ ಬೀದಿಯಲ್ಲಿ ಬೆಂಕಿ ಬಿದ್ದ ಸೂಚನೆಯ ಗಂಟೆ ಬಾರಿಸಿತು, ಮಗು ಪಿಯಾನೊ ಬಳಿ ಓಡಿ ಆ ಗಂಟೆಯ ಸ್ವರವನ್ನು ಅದರ ಕೀಲಿಮನೆಗಳಲ್ಲಿ ಹುಡುಕತೊಡಗಿತು. ಈ ಕಥೆಯನ್ನು ಅವರೇ ಹೇಳುತ್ತಿದ್ದರು. ದೊಡ್ಡವರ ಬಾಲ್ಯದ ಕಥೆಗಳನ್ನು ಸ್ವಲ್ಪ ಅನುಮಾನದಿಂದಲೇ ಕೇಳಬೇಕು, ಆದರೆ ಇದರಲ್ಲಿ ಒಂದು ಗಮನಿಸಬೇಕಾದ ಸಂಗತಿಯಿದೆ: ಮಗುವನ್ನು ಸೆಳೆದದ್ದು ಹಾಡಿನ ಇಂಪಲ್ಲ, ಕೇಳಿದ ಸದ್ದು ಇಂಥದೇ ಸ್ವರವೆಂದು ಗುರುತಿಸುವ ಕೆಲಸ.

ಒಂಬತ್ತು ವರ್ಷಕ್ಕೆ ಕನ್ಸರ್ವೇಟರಿ ಸೇರಿದ ನಾದಿಯಾ 1904ರಲ್ಲಿ, ಇನ್ನೂ ಹದಿನೇಳು ತುಂಬುವ ಮೊದಲೇ, ಆರ್ಗನ್ ಮುಂತಾದ ವಿಭಾಗಗಳಲ್ಲಿ ಮೊದಲ ಬಹುಮಾನಗಳನ್ನು ಪಡೆದು ಹೊರಬಂದರು. ಸಂಯೋಜನೆಯಲ್ಲಿ ಅವರ ಗುರು ಗಾಬ್ರಿಯೆಲ್ ಫೋರೆ. ತಂದೆ 1900ರಲ್ಲೇ ತೀರಿಕೊಂಡಿದ್ದರು. ತಾಯಿ ಮತ್ತು ಆರು ವರ್ಷ ಚಿಕ್ಕವಳಾದ ತಂಗಿ ಲಿಲಿಯ ಹೊಣೆ ಈ ಹುಡುಗಿಯ ಮೇಲೆ ಬಿದ್ದಿತು. ಅದೇ 1904ರಲ್ಲಿ ಕುಟುಂಬವು ರ‍್ಯೂ ಬಾಲ್ಯು ಎಂಬ ಬೀದಿಯ 36ನೆಯ ಸಂಖ್ಯೆಯ ಮನೆಗೆ ಬಂದಿತು, ನಾದಿಯಾ ಅಲ್ಲೇ ಮನೆಪಾಠ ಶುರುಮಾಡಿದರು. 1906ರಲ್ಲಿ ಬಂದ ಮೇರಿಯನ್ ಬಾವರ್ ಅವರ ಮೊದಲ ಅಮೆರಿಕನ್ ಶಿಷ್ಯೆ. ಹಾರ್ಮನಿ, ಅಂದರೆ ಹಲವು ಸ್ವರಗಳನ್ನು ಒಟ್ಟಿಗೆ ಹೊಂದಿಸುವ ವಿದ್ಯೆ, ಕಲಿತದ್ದಕ್ಕೆ ಪ್ರತಿಯಾಗಿ ಆಕೆ ಇಂಗ್ಲಿಷ್ ಕಲಿಸಿದರು. ಎರಡು ಪಿಯಾನೊ ಮತ್ತು ಒಂದು ಪೈಪ್ ಆರ್ಗನ್ ಇದ್ದ ಆ ಮನೆಯಿಂದ ನಾದಿಯಾ ಮುಂದೆ ಸಾಯುವವರೆಗೂ ಬೇರೆಡೆಗೆ ಸಂಸಾರ ಹೂಡಲಿಲ್ಲ. ಮದುವೆಯಾಗಲಿಲ್ಲ. ಫ್ರೆಂಚರು ಅವಿವಾಹಿತೆಯನ್ನು ಕರೆಯುವ ‘ಮದ್‌ಮ್ವಾಸೆಲ್’ ಎಂಬ ಮಾತೇ ಶಿಷ್ಯರ ಬಾಯಲ್ಲಿ ಅವರ ಹೆಸರಾಗಿ ನಿಂತಿತು. ನಮ್ಮಲ್ಲಿ ‘ಟೀಚರ್ರು’ ಎಂದರೆ ಊರಿಗೆಲ್ಲ ಒಬ್ಬರೇ ಆಗಿಬಿಡುವಂತೆ.

ಪಾಠ ಹೇಳುವುದು ಆಗ ಅವರಿಗೆ ಹೊಟ್ಟೆಪಾಡು. ಗುರಿ ಇದ್ದದ್ದು ಸಂಯೋಜಕಿಯಾಗುವುದರ ಕಡೆಗೆ. ಅದಕ್ಕೆ ಫ್ರಾನ್ಸಿನಲ್ಲಿ ಇದ್ದ ರಾಜಮಾರ್ಗ ‘ಪ್ರಿ ದ ರೋಮ್’ ಎಂಬ ಸ್ಪರ್ಧೆ. ಗೆದ್ದವರಿಗೆ ಸರ್ಕಾರದ ಖರ್ಚಿನಲ್ಲಿ ರೋಮ್ ನಗರದ ವಿಲ್ಲಾ ಮೆಡಿಚಿಯಲ್ಲಿ ವಾಸ, ಬಂದ ಮೇಲೆ ಹೆಸರು. ಅವರ ತಂದೆಯೂ 1835ರಲ್ಲಿ ಅದನ್ನು ಗೆದ್ದವರೇ. ಹೆಂಗಸರಿಗೆ ಈ ಸ್ಪರ್ಧೆಯ ಬಾಗಿಲು ತೆರೆದದ್ದು 1903ರಲ್ಲಿ. ಮೊದಲ ಸುತ್ತಿನಲ್ಲಿ ಸ್ಪರ್ಧಿಗಳನ್ನು ಕೆಲವು ದಿನ ಹೊರಗಿನ ಸಂಪರ್ಕವಿಲ್ಲದೆ ಕೂಡಿಹಾಕಿ, ಕೊಟ್ಟ ಸ್ವರವಾಕ್ಯದ ಮೇಲೆ ಹಾಡುಗಾರರಿಗಾಗಿ ಒಂದು ಫ್ಯೂಗ್ ಬರೆಸುತ್ತಿದ್ದರು. ದಾಟಿದವರು ಕೊನೆಯ ಸುತ್ತಿನಲ್ಲಿ ಕೊಟ್ಟ ಸಾಹಿತ್ಯಕ್ಕೆ ಕಂಟಾಟಾ ಎಂಬ ದೊಡ್ಡ ಗೇಯಕೃತಿಯನ್ನು ಕಟ್ಟಬೇಕಿತ್ತು.

ಫ್ಯೂಗ್ ಎಂದರೇನೆಂದು ಇಲ್ಲಿ ನಿಂತು ನೋಡಬೇಕು, ಏಕೆಂದರೆ ನಾದಿಯಾ ಅವರ ಜೀವನದ ಒಂದು ದೊಡ್ಡ ಜಗಳವೂ ಅವರ ಪಾಠದ ತಿರುಳೂ ಅದರೊಳಗೇ ಇವೆ. ನಮ್ಮ ಸಂಗೀತದಲ್ಲಿ ಒಂದು ಹೊತ್ತಿಗೆ ಒಂದೇ ಸ್ವರಪಥ ಸಾಗುತ್ತದೆ. ಪಿಟೀಲು ಹಾಡುಗಾರರ ನೆರಳಿನಂತೆ ಹಿಂಬಾಲಿಸುತ್ತದೆ, ಶ್ರುತಿ ಅಡಿಗೆ ನಿಂತಿರುತ್ತದೆ. ಯುರೋಪಿನ ಸಂಗೀತದಲ್ಲಿ ಎರಡು, ಮೂರು, ನಾಲ್ಕು ಸ್ವರಪಥಗಳು ಒಂದೇ ಹೊತ್ತಿಗೆ, ಒಂದೊಂದೂ ತನ್ನದೇ ಅಂದದ ಹಾಡಾಗಿ ಸಾಗುತ್ತ, ಒಟ್ಟಿಗೆ ಕೇಳಿದಾಗಲೂ ಒಪ್ಪುವಂತೆ ಹೆಣೆದಿರಬಹುದು. ಈ ಹೆಣಿಗೆಯ ವಿದ್ಯೆಗೆ ಕೌಂಟರ್‌ಪಾಯಿಂಟ್ ಎಂದು ಹೆಸರು. ಫ್ಯೂಗ್ ಅದರ ಕಟ್ಟುನಿಟ್ಟಿನ ರೂಪ: ಒಂದು ಧ್ವನಿ ಒಂದು ಸ್ವರವಾಕ್ಯವನ್ನು ಹಾಡುತ್ತದೆ, ಅದು ಮುಗಿಯುತ್ತಿದ್ದಂತೆ ಎರಡನೆಯ ಧ್ವನಿ ಅದೇ ವಾಕ್ಯವನ್ನು ಪಂಚಮದ ನೆಲೆಯಿಂದ ಎತ್ತಿಕೊಳ್ಳುತ್ತದೆ, ಮೊದಲನೆಯದು ಆಗ ಸುಮ್ಮನಾಗದೆ ಅದಕ್ಕೆ ಜೊತೆಯಾಗುವ ಮತ್ತೊಂದು ಸಾಲನ್ನು ಮುಂದುವರಿಸುತ್ತದೆ, ಮೂರನೆಯದು, ನಾಲ್ಕನೆಯದು ಹೀಗೆಯೇ ಸೇರಿಕೊಳ್ಳುತ್ತವೆ. ನಾಲ್ಕು ಜನ ಒಂದೇ ಸಲ ಮಾತಾಡಿದರೆ ಸಂತೆಯಾಗುತ್ತದೆ. ನಾಲ್ವರ ಮಾತೂ ಬಿಡಿಬಿಡಿಯಾಗಿ ಕಿವಿಗೆ ದಕ್ಕಿ, ಒಟ್ಟಿನಲ್ಲಿ ಒಂದೇ ವಿಷಯ ಬೆಳೆಯಬೇಕೆಂದರೆ ಎಷ್ಟು ಲೆಕ್ಕಾಚಾರ ಬೇಕು ಎಂಬುದನ್ನು ಊಹಿಸಿಕೊಳ್ಳಬಹುದು.

1908ರಲ್ಲಿ ಕೊಟ್ಟ ಸ್ವರವಾಕ್ಯವನ್ನು ನೋಡಿದ ನಾದಿಯಾ ಅವರಿಗೆ ಅದು ಕಂಠಕ್ಕಲ್ಲ, ವಾದ್ಯಕ್ಕೆ ಹೇಳಿ ಮಾಡಿಸಿದ್ದು ಎನ್ನಿಸಿತು. ನಿಯಮ ಏನೇ ಹೇಳಲಿ ಎಂದು ಅವರು ತಂತಿವಾದ್ಯಗಳ ನಾಲ್ವರ ಮೇಳಕ್ಕೆ ಫ್ಯೂಗ್ ಬರೆದು ಕೊಟ್ಟರು. ತೀರ್ಪುಗಾರರಲ್ಲಿದ್ದ ಹಿರಿಯ ಸಂಯೋಜಕ ಸ್ಯಾಂ-ಸಾನ್ಸ್ ಕೆರಳಿದರು, ಸ್ಪರ್ಧೆಯಿಂದ ಕೈಬಿಡಬೇಕೆಂದು ಪಟ್ಟುಹಿಡಿದರು, ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಕೊನೆಗೆ ಅವರನ್ನು ಮುಂದಿನ ಸುತ್ತಿಗೆ ಬಿಟ್ಟುಕೊಟ್ಟರು, ‘ಲಾ ಸಿರೆನ್’ ಎಂಬ ಕಂಟಾಟಾಗೆ ಎರಡನೆಯ ಬಹುಮಾನವೂ ಬಂದಿತು. ಮರುವರ್ಷ ಮತ್ತೆ ಪ್ರಯತ್ನಿಸಿದರು, ಮೊದಲ ಬಹುಮಾನ ಬರಲೇ ಇಲ್ಲ. ಹೆಣ್ಣೆಂಬ ಕಾರಣಕ್ಕೆ ಮಾತ್ರ ಹೀಗಾಯಿತೆಂದು ಹೇಳಲಾಗದು. 1905ರಲ್ಲಿ ಮೋರಿಸ್ ರವೆಲ್ ಅಂಥವರನ್ನೇ ಮೊದಲ ಸುತ್ತಿನಲ್ಲಿ ತಳ್ಳಿಹಾಕಿದ ಸ್ಪರ್ಧೆಯದು. ಆದರೆ ನಿಯಮವನ್ನು ಮುರಿದವಳು ಇಪ್ಪತ್ತರ ಹುಡುಗಿ ಎಂಬುದರಿಂದ ಕೋಪಕ್ಕೆ ಹೆಚ್ಚಿನ ಖಾರ ಸೇರಿತ್ತೆಂದು ನಂಬಲು ಕಾರಣವಿದೆ. ಮುಂದೆ ಶಿಷ್ಯರ ಒಂದು ತಪ್ಪು ಸ್ವರವನ್ನೂ ಕ್ಷಮಿಸದ ಗುರುವು ತನ್ನ ಯೌವನದಲ್ಲಿ ಸಂಗೀತಕ್ಕಾಗಿ ನಿಯಮವನ್ನು ಬದಿಗಿಟ್ಟವಳು ಎಂಬುದನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ಮನೆಗೆ ಬರಬೇಕಾಗಿದ್ದ ಬಹುಮಾನವನ್ನು ತಂದವಳು ತಂಗಿ. 1913ರಲ್ಲಿ ಲಿಲಿ ‘ಫೌಸ್ಟ್ ಮತ್ತು ಹೆಲೆನ್’ ಕುರಿತ ಕಂಟಾಟಾಗೆ ಮೊದಲ ಬಹುಮಾನ ಪಡೆದಳು. ಸಂಗೀತದಲ್ಲಿ ಅದನ್ನು ಗೆದ್ದ ಮೊದಲ ಹೆಣ್ಣು, ವಯಸ್ಸು ಹತ್ತೊಂಬತ್ತು. ಎರಡನೆಯ ವಯಸ್ಸಿನಲ್ಲಿ ಬಂದ ನ್ಯುಮೋನಿಯಾದಿಂದ ಲಿಲಿಯ ಆರೋಗ್ಯ ಎಂದೂ ಸುಧಾರಿಸಿರಲಿಲ್ಲ. ಮಹಾಯುದ್ಧದ ವರ್ಷಗಳಲ್ಲಿ ಅಕ್ಕತಂಗಿಯರು ಸೈನ್ಯಕ್ಕೆ ಹೋದ ಸಂಗೀತಗಾರರಿಗೆ ನೆರವು ಕಳುಹಿಸುವ ಸಮಿತಿಯನ್ನು ನಡೆಸಿದರು. ಕೊನೆಯ ಕೃತಿಯಾದ ‘ಪಿಯೆ ಯೇಸು’ ಪ್ರಾರ್ಥನೆಯನ್ನು ಲಿಲಿ ಹಾಸಿಗೆಯಲ್ಲಿ ಮಲಗಿಕೊಂಡೇ ಹೇಳಿದಳು, ನಾದಿಯಾ ಬರೆದುಕೊಂಡರು. 1918ರ ಮಾರ್ಚ್ 15ರಂದು ಲಿಲಿ ತೀರಿಕೊಂಡಾಗ ಅವಳಿಗೆ 24 ವರ್ಷ.

ನಾದಿಯಾ ಸಂಯೋಜನೆಯನ್ನು ಕೈಬಿಟ್ಟದ್ದು ಇದಾದ ಕೆಲವೇ ವರ್ಷಗಳಲ್ಲಿ. ತಾನು ಬರೆದದ್ದು ಕೆಟ್ಟದ್ದಲ್ಲ, ನಿಷ್ಪ್ರಯೋಜಕ ಎಂದು ಅವರು ಫೋರೆಗೆ ಹೇಳಿದ್ದರು. ಇದನ್ನು ತಂಗಿಗಾಗಿ ಮಾಡಿದ ತ್ಯಾಗವೆಂದು ಹೇಳುವ ರೂಢಿಯಿದೆ. ಅಷ್ಟು ಸರಳವಾಗಿ ಇದನ್ನು ಒಪ್ಪಲು ನನಗೆ ಮನಸ್ಸಿಲ್ಲ. 1914ರ ಜನವರಿಯಲ್ಲಿ ಅವರ ಜೊತೆಗಾರ ಪಿಯಾನೊ ವಾದಕ ರೌಲ್ ಪುನ್ಯೊ ಮಾಸ್ಕೋದಲ್ಲಿ ತೀರಿಕೊಂಡರು, ಇಬ್ಬರೂ ಸೇರಿ ಬರೆದಿದ್ದ ಒಪೆರಾ ರಂಗಕ್ಕೇರದೆ ಉಳಿಯಿತು; ಯುದ್ಧ ಬಂದಿತು; ಮನೆಯ ಖರ್ಚಿಗೆ ಪಾಠವೇ ಗತಿಯಾಗಿತ್ತು. ಹಲವು ಬಾಗಿಲುಗಳು ಒಂದಾದ ಮೇಲೊಂದು ಮುಚ್ಚಿಕೊಂಡಿದ್ದವು. ತಮ್ಮ ಕೃತಿಗಳ ಬಗ್ಗೆ ಅವರು ಕೊಟ್ಟುಕೊಂಡ ತೀರ್ಪನ್ನು ಕೂಡ ನಾವು ಕಣ್ಣುಮುಚ್ಚಿ ಒಪ್ಪಬೇಕಾಗಿಲ್ಲ. ಚೆಲ್ಲೊ ಮತ್ತು ಪಿಯಾನೊಗೆಂದು ಅವರು ಬರೆದ ಮೂರು ಪುಟ್ಟ ರಚನೆಗಳು ಇಂದು ಕಛೇರಿಗಳಲ್ಲಿ ಆಗಾಗ ಕೇಳಿಬರುತ್ತವೆ, ಮತ್ತು ನಿಷ್ಪ್ರಯೋಜಕವೆಂದು ಖಂಡಿತ ಕೇಳುವುದಿಲ್ಲ.

1921ರಲ್ಲಿ ಪ್ಯಾರಿಸ್ಸಿಗೆ ಸಮೀಪದ ಫೋಂಟೆನ್‌ಬ್ಲೋ ಅರಮನೆಯಲ್ಲಿ ಅಮೆರಿಕನ್ನರಿಗಾಗಿ ಬೇಸಿಗೆಯ ಸಂಗೀತ ಶಾಲೆ ಆರಂಭವಾಯಿತು. ಅಲ್ಲಿ ಹಾರ್ಮನಿ ಕಲಿಸಲು ನಾದಿಯಾ ನೇಮಕಗೊಂಡರು. ಮೊದಲ ವರ್ಷವೇ ಬಂದ ಬ್ರೂಕ್ಲಿನ್ನಿನ ತರುಣ ಕೊಪ್ಲಂಡ್ ಅವರಿಗೆ ಹೆಂಗಸೊಬ್ಬರ ಬಳಿ ಸಂಯೋಜನೆ ಕಲಿಯುವುದು ತನಗೆ ಗೊತ್ತಿದ್ದ ಯಾರೂ ಮಾಡದ ಕೆಲಸವೆಂಬ ಅಳುಕಿತ್ತು. ಒಂದು ತರಗತಿಯಲ್ಲಿ ಕುಳಿತ ಮೇಲೆ ಅದು ಹೋಯಿತು, ಮೂರು ವರ್ಷ ಅಲ್ಲೇ ನಿಂತರು. ನಾದಿಯಾ ಅಮೆರಿಕ ಪ್ರವಾಸಕ್ಕೆ ಹೊರಟಾಗ ತನಗೆ ನುಡಿಸಲು ಒಂದು ಕೃತಿ ಬರೆಯುವಂತೆ ಈ ಶಿಷ್ಯನನ್ನೇ ಕೇಳಿದರು. ಆರ್ಗನ್ ಮತ್ತು ವಾದ್ಯವೃಂದಕ್ಕೆ ಬರೆದ ಆ ಸಿಂಫನಿ 1925ರ ಜನವರಿ 11ರಂದು ನ್ಯೂಯಾರ್ಕಿನಲ್ಲಿ ನಡೆದಾಗ ನಿರ್ದೇಶಕ ವಾಲ್ಟರ್ ಡ್ಯಾಮ್ರಾಶ್ ಸಭಿಕರ ಕಡೆ ತಿರುಗಿ, ಇಪ್ಪತ್ಮೂರಕ್ಕೇ ಹೀಗೆ ಬರೆಯುವ ಹುಡುಗ ಇನ್ನೈದು ವರ್ಷಕ್ಕೆ ಕೊಲೆಯನ್ನೂ ಮಾಡಿಯಾನು ಎಂದು ನಗಿಸಿದರಂತೆ. ಕೊಪ್ಲಂಡ್ ಬೆನ್ನಿಗೆ ವಾಲ್ಟರ್ ಪಿಸ್ಟನ್, ವರ್ಜಿಲ್ ಥಾಮ್ಸನ್, ರಾಯ್ ಹ್ಯಾರಿಸ್, ಎಲಿಯಟ್ ಕಾರ್ಟರ್ ಹೀಗೆ ಸಾಲು ಬೆಳೆಯಿತು.

ಇನ್ನು ಪಾಠದ ಮಾತು. ಅದು ಶುರುವಾಗುತ್ತಿದ್ದದ್ದು ಸೊಲ್ಫೇಜ್‌ನಿಂದ, ಅಂದರೆ ಬರೆದ ಸ್ವರವನ್ನು ಹೆಸರು ಹಿಡಿದು ಹಾಡುವುದರಿಂದ. ಹೆಸರಿಗೆ ಇದು ನಮ್ಮ ಸರಳೆ ವರಸೆಯಂತೆ ಕಂಡರೂ ಒಂದು ಮೂಲಭೂತ ವ್ಯತ್ಯಾಸವಿದೆ. ನಮ್ಮ ‘ಸ’ ಹಾಡುಗಾರರ ಶ್ರುತಿಯೊಡನೆ ಚಲಿಸುತ್ತದೆ. ಒಂದು ಕಟ್ಟೆಯಾಗಲಿ ಐದು ಕಟ್ಟೆಯಾಗಲಿ, ಎಲ್ಲಿ ಕೂತರೆ ಅಲ್ಲಿ ಅದು ‘ಸ’. ಫ್ರೆಂಚರ ‘ದೊ’ ಕದಲುವುದಿಲ್ಲ. ಪಿಯಾನೊದ ಒಂದು ಗೊತ್ತಾದ ಮನೆ ಎಂದೆಂದಿಗೂ ‘ದೊ’. ಅದರ ಮೇಲೆ, ಸ್ವರಗಳನ್ನು ಬರೆಯುವ ಐದು ಗೆರೆಗಳ ಎಡತುದಿಯಲ್ಲಿ ಹಾಕುವ ಕ್ಲೆಫ್ ಎಂಬ ಗುರುತು ಬದಲಾದರೆ ಗೆರೆಗಳ ಅರ್ಥವೇ ಬದಲಾಗುತ್ತದೆ. ಒಂದು ಗುರುತಿನಡಿ ‘ಸೊಲ್’ ಆಗಿದ್ದ ಚುಕ್ಕಿ ಇನ್ನೊಂದರಡಿ ‘ಮಿ’ ಆಗುತ್ತದೆ. ಸಾಮಾನ್ಯ ಪಿಯಾನೊ ಕಲಿಯುವವರಿಗೆ ಎರಡು ಕ್ಲೆಫ್ ಸಾಕು. ನಾದಿಯಾ ಅವರ ಶಿಷ್ಯರಿಗೆ ಏಳೂ ಬೇಕಿತ್ತು. ಇದು ಹಳೆಯ ಪಂಡಿತರ ಹಟವಲ್ಲ. ಏಳು ಕ್ಲೆಫ್‌ಗಳೂ ನಾಲಗೆಯ ತುದಿಯಲ್ಲಿದ್ದರೆ ಬರೆದ ಹಾಡನ್ನು ಬೇಕಾದ ಶ್ರುತಿಗೆ ಓದುತ್ತಲೇ ಸರಿಸಬಹುದು, ಬೇರೆ ಬೇರೆ ವಾದ್ಯಗಳಿಗಾಗಿ ಬೇರೆ ಬೇರೆ ರೀತಿಯಲ್ಲಿ ಬರೆದ ಇಪ್ಪತ್ತು ಸಾಲುಗಳ ಪುಟವನ್ನು ಒಂದೇ ನೋಟಕ್ಕೆ ಕಿವಿಯಲ್ಲಿ ಕೇಳಿಸಿಕೊಳ್ಳಬಹುದು. ಈ ಭಾಗದ ಬಹಳಷ್ಟು ಕೆಲಸವನ್ನು ಅವರ ಜೀವಮಾನದ ಸಹಾಯಕಿ ಅನೆಟ್ ದ್ಯೂದೊನೆ ನೋಡಿಕೊಳ್ಳುತ್ತಿದ್ದರು. ನಾದಿಯಾ ಅವರ ಹೆಸರು ಬಂದಲ್ಲೆಲ್ಲ ಈ ಹೆಸರೂ ಬರಬೇಕಾದದ್ದು, ಆದರೆ ಬರುವುದಿಲ್ಲ.

ಆಮೇಲೆ ಹಾರ್ಮನಿ. ಹಳೆಯ ಯುರೋಪಿನಲ್ಲಿ ಸಂಯೋಜಕರು ಅತಿ ಕೆಳಗಿನ ಸ್ವರವನ್ನಷ್ಟೇ ಬರೆದು, ಅದರಡಿ 6, 4, 2 ಎಂದು ಅಂಕಿಗಳನ್ನು ಹಾಕಿಬಿಡುತ್ತಿದ್ದರು. ಮೇಲಿನ ಮೂರು ಧ್ವನಿಗಳನ್ನು ವಾದಕರು ಆ ಕ್ಷಣಕ್ಕೆ ತಾವೇ ತುಂಬಬೇಕು. ನಮ್ಮ ಸ್ವರಲಿಪಿಯಲ್ಲಿ ಗಮಕ ಬರೆದಿರುವುದಿಲ್ಲ, ರಾಗ ತಿಳಿದವರು ಅದನ್ನು ತುಂಬಿಕೊಳ್ಳುತ್ತಾರಲ್ಲ, ಅದೇ ಬಗೆಯ ನಂಬಿಕೆ ಇದು. ನಾದಿಯಾ ಇಂಥ ಪುಟವನ್ನು ಮುಂದಿಟ್ಟು, ಮೂರು ಧ್ವನಿಗಳನ್ನು ಪಿಯಾನೊದಲ್ಲಿ ನುಡಿಸುತ್ತ ನಾಲ್ಕನೆಯದನ್ನು ಬಾಯಲ್ಲಿ ಹಾಡಿಸುತ್ತಿದ್ದರು. ಮರುಸಲ ಹಾಡುವ ಧ್ವನಿ ಬದಲು. ಎರಡು ಕೈಯಲ್ಲಿ ಎರಡು ತಾಳ ಹಾಕಿ ಪಲ್ಲವಿ ಹಾಡುವ ದ್ವಿತಾಳಾವಧಾನವನ್ನು ಕಂಡವರಿಗೆ ಇದರ ಕಷ್ಟ ಅರ್ಥವಾದೀತು. ಉದ್ದೇಶ ಚಮತ್ಕಾರವಲ್ಲ. ಬೆರಳು ತಾನಾಗಿ ಒತ್ತುವ ನಾಲ್ಕು ಸ್ವರಗಳ ಗೊಂಚಲನ್ನು ನಾಲ್ಕು ಬೇರೆ ಬೇರೆ ಹಾದಿಗಳೆಂದು ಕಿವಿ ಕೇಳುವಂತಾಗಬೇಕು.

ಕೌಂಟರ್‌ಪಾಯಿಂಟ್ ಪಾಠದಲ್ಲಿ ಅವರು ಎಂದೂ ಬಿಟ್ಟುಕೊಡದ ಒಂದು ನಿಷೇಧವಿತ್ತು: ಎರಡು ಧ್ವನಿಗಳು ಪಂಚಮದ ಅಂತರವನ್ನು ಕಾಯ್ದುಕೊಂಡು ಜೊತೆಜೊತೆಯಾಗಿ ಮೇಲೆ ಕೆಳಗೆ ಸರಿಯಬಾರದು. ಮೊದಲ ಬಾರಿ ಕೇಳಿದವರಿಗೆ ಇದು ಅರ್ಥವಿಲ್ಲದ ಮಡಿಯಂತೆ ತೋರುತ್ತದೆ. ಅದರ ಕಾರಣವನ್ನು ನಮ್ಮ ತಂಬೂರಿಯೇ ಹೇಳುತ್ತದೆ. ಶ್ರುತಿ ಚೆನ್ನಾಗಿ ಸೇರಿದ ತಂಬೂರಿಯಲ್ಲಿ ಪಂಚಮದ ತಂತಿಯೂ ಷಡ್ಜದ ತಂತಿಯೂ ಬೇರೆಯೆಂದು ಕೇಳುವುದೇ ಇಲ್ಲ. ಎರಡೂ ಕರಗಿ ಒಂದೇ ನಾದವಾಗುತ್ತವೆ. ನಮಗೆ ಬೇಕಾದದ್ದು ಆ ಕರಗುವಿಕೆ. ಎರಡು ಹಾಡುಗಳನ್ನು ಹೆಣೆಯುವವರಿಗೆ ಅದೇ ಅಪಾಯ, ಏಕೆಂದರೆ ಪಂಚಮದಲ್ಲಿ ಜೊತೆಯಾಗಿ ನಡೆದ ಎರಡು ಧ್ವನಿಗಳು ಒಂದಾಗಿಬಿಟ್ಟು ಹೆಣಿಗೆಯ ಒಂದು ಎಳೆ ಕಾಣೆಯಾಗುತ್ತದೆ. ನಿಯಮದ ಹಿಂದಿರುವುದು ಕಿವಿಯ ಸ್ವಭಾವ. ಇದನ್ನು ಅರಿತವರು ಬೇಕೆಂದಾಗ ನಿಯಮವನ್ನು ಮೀರಬಹುದು. ಅರಿಯದವರು ಮೀರಿದರೆ ಅದು ಬರಿಯ ಎಡವಟ್ಟು. ಕಂಠದ ಫ್ಯೂಗನ್ನು ತಂತಿಗೆ ಬರೆದ ಹುಡುಗಿ ಮತ್ತು ಪಂಚಮಗಳನ್ನು ಹೆಕ್ಕಿ ತೆಗೆಯುವ ಗುರು ಒಬ್ಬರೇ ಆಗಿರುವುದು ಹೀಗೆ.

ಬುಧವಾರ ಮಧ್ಯಾಹ್ನಗಳಲ್ಲಿ ಎಲ್ಲ ಶಿಷ್ಯರೂ ಮನೆಯಲ್ಲಿ ಸೇರುತ್ತಿದ್ದರು. ಬಾಖ್‌ನ ಕಂಟಾಟಾಗಳನ್ನು ಹಾಳೆ ಹಂಚಿ ಅಲ್ಲಿಯೇ ಹಾಡಿಸುವುದು, ಮಾಂಟೆವೆರ್ಡಿಯಿಂದ ಸ್ಟ್ರಾವಿನ್‌ಸ್ಕಿಯವರೆಗೆ ಕೃತಿಗಳನ್ನು ಬಿಡಿಸಿ ನೋಡುವುದು, ಆಮೇಲೆ ಟೀ. ಬಾಖ್‌ನ ಪ್ರಿಲ್ಯೂಡ್ ಮತ್ತು ಫ್ಯೂಗ್‌ಗಳು ಕಂಠಪಾಠವಾಗಿರಬೇಕೆಂಬುದು ಅವರ ನಿರೀಕ್ಷೆ. ಇಲ್ಲಿ ಅವರು ಪದೇ ಪದೇ ಹೇಳುತ್ತಿದ್ದ ಮಾತು ‘ಲಾ ಗ್ರಾಂದ್ ಲೀನ್ಯ್’, ದೊಡ್ಡ ಗೆರೆ. ಕೃತಿಯೊಂದರ ಮೊದಲ ಸ್ವರದಿಂದ ಕೊನೆಯ ಸ್ವರದವರೆಗೆ ಕಡಿಯದೆ ಹರಿಯುವ ಒಂದು ಸೆಳೆತ ಇರಬೇಕು; ನಡುವೆ ಎಷ್ಟೇ ಚೆಂದದ ಪ್ರಸಂಗ ಬಂದರೂ ಆ ಸೆಳೆತ ಸಡಿಲಿದರೆ ಕೃತಿ ಕುಸಿಯುತ್ತದೆ. ಪಲ್ಲವಿ, ಅನುಪಲ್ಲವಿ, ಚರಣಗಳು ಒಂದರಿಂದೊಂದು ಹುಟ್ಟಿದಂತೆ ಬರುವ ಕೃತಿಗೂ, ಸಂಗತಿಗಳನ್ನು ಬಿಡಿಯಾಗಿ ಪೋಣಿಸಿದ ಕೃತಿಗೂ ಇರುವ ವ್ಯತ್ಯಾಸವನ್ನು ನಾವು ಬಲ್ಲೆವು. ಆದರೆ ಆ ಗೆರೆಯನ್ನು ಹೇಗೆ ಎಳೆಯಬೇಕೆಂದು ಅವರು ಹೇಳಿಕೊಡುತ್ತಿರಲಿಲ್ಲ. ಎಲ್ಲಿ ತುಂಡಾಗಿದೆ ಎಂದು ಬೆರಳಿಟ್ಟು ತೋರಿಸುತ್ತಿದ್ದರು, ಅಷ್ಟೆ. ಮೊದಲಿನ ಪ್ರಶ್ನೆಗೆ ಉತ್ತರ ಇಲ್ಲಿದೆ ಎಂದು ನನ್ನ ಎಣಿಕೆ. ನಮ್ಮ ಗುರುಗಳು ಹಾಡಿ ತೋರಿಸುತ್ತಾರೆ, ಶಿಷ್ಯರು ಹಾಗೆಯೇ ಹಾಡುತ್ತಾರೆ, ಬಾನಿ ಕೈಯಿಂದ ಕೈಗೆ ದಾಟುತ್ತದೆ. ತಾವೇ ಬರೆಯುವುದನ್ನು ನಿಲ್ಲಿಸಿದ್ದ ನಾದಿಯಾ ಅವರ ಬಳಿ ಹಾಗೆ ಮಾದರಿಯಾಗಿ ಇಡಲು ತಮ್ಮ ಕೃತಿಯೇ ಇರಲಿಲ್ಲ. ಅವರು ದಾಟಿಸಿದ್ದು ಕೇಳುವ ಶಕ್ತಿಯನ್ನು. ಆ ಕಿವಿಯಿಂದ ಶಿಷ್ಯರು ಏನು ಕಟ್ಟಿದರೋ ಅದು ಅವರವರದಾಯಿತು.

1954ರಲ್ಲಿ ಬ್ಯೂನಸ್ ಐರಿಸ್‌ನಿಂದ ಬಂದ ಪಿಯಾಸೊಲಾ ಸಿಂಫನಿ, ಸೊನಾಟಾಗಳ ಹೊರೆಯನ್ನೇ ತಂದಿದ್ದರು. ಕುಣಿತದ ಮನೆಗಳಲ್ಲಿ ಬಂಡೋನಿಯಾನ್ ಎಂಬ ತಿದಿಯ ವಾದ್ಯ ನುಡಿಸಿ ಬದುಕುತ್ತಿದ್ದ ಸಂಗತಿಯನ್ನು ನಾಚಿಕೆಯಿಂದ ಮುಚ್ಚಿಟ್ಟಿದ್ದರು. ಪುಟಗಳನ್ನೆಲ್ಲ ಓದಿದ ನಾದಿಯಾ, ಇಲ್ಲಿ ಸ್ಟ್ರಾವಿನ್‌ಸ್ಕಿ ಇದ್ದಾರೆ, ಬಾರ್ಟೋಕ್ ಇದ್ದಾರೆ, ರವೆಲ್ ಇದ್ದಾರೆ, ಪಿಯಾಸೊಲಾ ಮಾತ್ರ ಕಾಣುತ್ತಿಲ್ಲ ಎಂದರು. ಕೆದಕಿ ಕೇಳಿ ಅವರ ಬಾಯಿಂದ ಟ್ಯಾಂಗೊ ವಿಷಯ ಹೊರಡಿಸಿ, ಒಂದನ್ನು ನುಡಿಸಲು ಹೇಳಿದರು. ಕೆಲವು ಸಾಲು ಕೇಳುತ್ತಿದ್ದಂತೆ ಕೈ ಹಿಡಿದು, ಇದೇ ಪಿಯಾಸೊಲಾ, ಇದನ್ನು ಬಿಡಬೇಡ ಎಂದರು. ಪಿಯಾಸೊಲಾ ಜೀವನವಿಡೀ ಈ ಕಥೆಯನ್ನು ಹೇಳಿಕೊಂಡರು. ಕೇಳುವವರು ಸಾಮಾನ್ಯವಾಗಿ ಮರೆಯುವ ಭಾಗವೆಂದರೆ ಆಮೇಲಿನ ತಿಂಗಳುಗಳಲ್ಲಿ ನಾದಿಯಾ ಈ ಶಿಷ್ಯನಿಂದ ಟ್ಯಾಂಗೊ ಬರೆಯಿಸಲಿಲ್ಲ, ಕೌಂಟರ್‌ಪಾಯಿಂಟ್ ಬರೆಯಿಸಿದರು ಎಂಬುದು. ಮುಂದಿನ ಅವರ ಟ್ಯಾಂಗೊಗಳಲ್ಲಿ ಫ್ಯೂಗ್‌ಗಳು ಬಂದು ಕೂತದ್ದು ಆಕಸ್ಮಿಕವಲ್ಲ. ಇದಕ್ಕೆ ಎದುರಾದ ಪ್ರಸಂಗ ಅಮೆರಿಕದ ಸಂಯೋಜಕ ಜಾರ್ಜ್ ಗರ್ಶ್‌ವಿನ್ ಅವರದು. 1928ರಲ್ಲಿ ರವೆಲ್ ಅವರ ಶಿಫಾರಸು ಪತ್ರದೊಂದಿಗೆ ಬಂದ, ಆಗಲೇ ಹೆಸರಾಗಿದ್ದ ಅವರನ್ನು ನಾದಿಯಾ ಸೇರಿಸಿಕೊಳ್ಳಲಿಲ್ಲ. ಈ ಕಟ್ಟುಪಾಠ ಅವರಲ್ಲಿ ಸಹಜವಾಗಿ ಇದ್ದುದನ್ನು ಕೆಡಿಸೀತು ಎಂಬ ಅಂಜಿಕೆ ನಾದಿಯಾ ಅವರಿಗಿತ್ತು.

ಫಿಲಿಪ್ ಗ್ಲಾಸ್ 1964ರಿಂದ ಎರಡು ವರ್ಷ ಈ ಮನೆಯಲ್ಲಿ ಹಾರ್ಮನಿ, ಕೌಂಟರ್‌ಪಾಯಿಂಟ್‌ಗಳನ್ನು ಮೊದಲಿನಿಂದ ಕಲಿತರು. ಅದೇ ಹೊತ್ತಿಗೆ ಪ್ಯಾರಿಸ್ಸಿನಲ್ಲಿ ಪಂಡಿತ್ ರವಿಶಂಕರ್ ಒಂದು ಚಲನಚಿತ್ರಕ್ಕೆ ಸಂಗೀತ ಕೊಡುತ್ತಿದ್ದರು. ಅದನ್ನು ಫ್ರೆಂಚ್ ವಾದಕರಿಗೆ ಓದಲು ಬರುವ ಲಿಪಿಗೆ ಇಳಿಸುವ ಕೆಲಸ ಗ್ಲಾಸ್ ಅವರಿಗೆ ಸಿಕ್ಕಿತು. ಪಶ್ಚಿಮದ ರೂಢಿಯಂತೆ ತಾಳವನ್ನು ತುಂಡುಮಾಡಿ ತೋರಿಸುವ ಅಳತೆಯ ಗೆರೆಗಳನ್ನು ಹಾಕಿದಾಗಲೆಲ್ಲ ಒತ್ತು ತಪ್ಪಾದ ಜಾಗಕ್ಕೆ ಬಿದ್ದು, ತಬಲಾದ ಅಲ್ಲಾ ರಖಾ ಅವರಿಂದ ಆಕ್ಷೇಪ ಬರುತ್ತಿತ್ತು. ಬೇಸತ್ತು ಗೆರೆಗಳನ್ನೆಲ್ಲ ಅಳಿಸಿಹಾಕಿದಾಗ ಸಮನಾದ ಮಾತ್ರೆಗಳ ಹರಿವು, ಆವರ್ತದ ಲೆಕ್ಕ ಕಣ್ಣಿಗೆ ಬಿದ್ದಿತು. ತಮ್ಮ ಸಂಗೀತ ನಾದಿಯಾ ಮತ್ತು ರವಿಶಂಕರ್ ಎಂಬ ಈ ಇಬ್ಬರು ಗುರುಗಳಿಂದ ಬಂದದ್ದೆಂದು ಗ್ಲಾಸ್ ಹೇಳುತ್ತಾರೆ. ಒಬ್ಬರು ಭಯದಿಂದ ಕಲಿಸಿದರು, ಇನ್ನೊಬ್ಬರು ಪ್ರೀತಿಯಿಂದ ಎಂಬ ಮಾತನ್ನೂ ಸೇರಿಸುತ್ತಾರೆ. ಭಯ ಯಾರದೆಂದು ವಿವರಿಸಬೇಕಾಗಿಲ್ಲ. ಅಳುತ್ತ ಮೆಟ್ಟಿಲಿಳಿದ ಶಿಷ್ಯರು ಕಡಿಮೆಯಲ್ಲ. ಷೋನ್‌ಬರ್ಗ್ ಪಂಥದ ಹನ್ನೆರಡು ಸ್ವರಗಳ ಸಂಗೀತದ ಕಡೆಗೆ ನಾದಿಯಾ ಅವರ ಮನಸ್ಸು ಹೆಚ್ಚು ತೆರೆಯಲಿಲ್ಲ. ಸ್ಟ್ರಾವಿನ್‌ಸ್ಕಿ ಮೇಲಿನ ಅವರ ಒಲವಿನ ನೆರಳು ಒಂದು ತಲೆಮಾರಿನ ಅಮೆರಿಕನ್ನರ ಮೇಲೆ ಬಿದ್ದದ್ದೂ ಉಂಟು. ಬಾನಿಯಿಲ್ಲದ ಮನೆ ಎಂದೆನಲ್ಲ, ಆ ಮಾತಿಗೆ ಇಷ್ಟು ತಿದ್ದುಪಡಿ ಬೇಕು.

ನಮ್ಮವರೂ ಆ ಮೆಟ್ಟಿಲು ಹತ್ತಿದರು. ಮುಂಬಯಿಯ ವನರಾಜ್ ಭಾಟಿಯಾ ಲಂಡನ್ನಿನ ಓದು ಮುಗಿಸಿ 1954ರಿಂದ 1959ರವರೆಗೆ ನಾದಿಯಾ ಅವರ ಬಳಿ ಕಲಿತರು. ಗಿರೀಶ್ ಕಾರ್ನಾಡರು ಡಾಕ್ಟರ್ ರಾವ್ ಆಗಿ ಅಭಿನಯಿಸಿದ ‘ಮಂಥನ್’ ಚಿತ್ರದ, ಗುಜರಾತಿ ಹಳ್ಳಿಯ ಮಣ್ಣಿನ ವಾಸನೆಯಿರುವ ಹಾಡು ಇವರದು. ದೂರದರ್ಶನದ ‘ಭಾರತ್ ಏಕ್ ಖೋಜ್’ ಆರಂಭದಲ್ಲಿ ಋಗ್ವೇದದ ನಾಸದೀಯ ಸೂಕ್ತವನ್ನು ಹಲವು ಕಂಠಗಳ ಮೇಳಕ್ಕೆ ಅಳವಡಿಸಿದವರೂ ಇವರೇ. ಆ ಕಾಲದಲ್ಲಿ ಟಿವಿ ಮುಂದೆ ಕುಳಿತಿದ್ದವರಿಗೆ ಅದು ಇನ್ನೂ ಕಿವಿಯಲ್ಲಿರುತ್ತದೆ. ಇನ್ನೊಂದು ಎಳೆಯೂ ಕಾರ್ನಾಡರವರೆಗೆ ಬರುತ್ತದೆ. ಆಸ್ಟ್ರೇಲಿಯಾದ ಪೆಗ್ಗಿ ಗ್ಲಾನ್‌ವಿಲ್-ಹಿಕ್ಸ್ ಎಂಬ ಶಿಷ್ಯೆ ತಲೆಗಳು ಅದಲುಬದಲಾದ ಭಾರತೀಯ ಕಥೆಯನ್ನು ತೋಮಸ್ ಮಾನ್ ಅವರ ಕಾದಂಬರಿಯಿಂದ ಎತ್ತಿಕೊಂಡು 1954ರಲ್ಲಿ ರಂಗಕ್ಕೆ ಬಂದ ಒಪೆರಾ ಬರೆದರು. ಅದೇ ಕಥೆ ಕನ್ನಡದಲ್ಲಿ ‘ಹಯವದನ’ವಾದದ್ದು ನಮಗೆಲ್ಲ ಗೊತ್ತು.

ಗುರುವಾಗಿ ಬಂದ ಹೆಸರು ನಾದಿಯಾ ಅವರಿಗೆ ವೇದಿಕೆಯ ದಾರಿಯನ್ನೂ ಮಾಡಿಕೊಟ್ಟಿತು. ಹೊಲಿಗೆ ಯಂತ್ರದ ಸಿಂಗರ್ ಕುಟುಂಬದ ಮಗಳು, ಪೊಲಿನ್ಯಾಕ್ ಮನೆತನದ ರಾಜಕುಮಾರಿ ವಿನರೆಟ್ಟಾ ಅವರ ಪೋಷಣೆಯಲ್ಲಿ 1930ರ ದಶಕದಲ್ಲಿ ನಾದಿಯಾ ಒಂದು ಗಾಯಕವೃಂದ ಕಟ್ಟಿದರು. ಬಹುಮಟ್ಟಿಗೆ ಮರೆತುಹೋಗಿದ್ದ ಮಾಂಟೆವೆರ್ಡಿಯ ಹಾಡುಗಳನ್ನು 1937ರಲ್ಲಿ ಧ್ವನಿಮುದ್ರಿಸಿದರು. ಅದೇ ವರ್ಷ ಲಂಡನ್ನಿನ ರಾಯಲ್ ಫಿಲ್‌ಹಾರ್ಮೋನಿಕ್ ಸೊಸೈಟಿಯ ಕಛೇರಿಯನ್ನು ನಿರ್ದೇಶಿಸಿದ ಮೊದಲ ಮಹಿಳೆಯಾದರು, 1938ರಲ್ಲಿ ಬಾಸ್ಟನ್ ಸಿಂಫನಿಯನ್ನು, ಮರುವರ್ಷ ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ಅನ್ನು ನಡೆಸಿದರು. ಹೆಣ್ಣಾಗಿ ವೃಂದದ ಮುಂದೆ ನಿಲ್ಲುವುದು ಹೇಗನ್ನಿಸುತ್ತದೆ ಎಂದು ಬಾಸ್ಟನ್ನಿನಲ್ಲಿ ಕೇಳಿದವರಿಗೆ, ತಾನು ಹೆಣ್ಣಾಗಿ ಐವತ್ತು ವರ್ಷ ದಾಟಿತು, ಮೊದಲಿನ ಆಶ್ಚರ್ಯ ಈಗ ಉಳಿದಿಲ್ಲ ಎಂದು ಉತ್ತರ ಕೊಟ್ಟರು. ಆದರೆ ಪ್ಯಾರಿಸ್ ಕನ್ಸರ್ವೇಟರಿ ಈ ಗುರುವಿಗೆ ಸಂಯೋಜನೆಯ ಪೀಠವನ್ನು ಎಂದೂ ಕೊಡಲಿಲ್ಲ. ಯುದ್ಧದ ವರ್ಷಗಳನ್ನು ಅಮೆರಿಕದಲ್ಲಿ ಕಳೆದು 1946ರಲ್ಲಿ ಮರಳಿದ ಮೇಲೆ ಅಲ್ಲಿ ಸಿಕ್ಕಿದ್ದು ಪಿಯಾನೊ ಪಕ್ಕವಾದ್ಯದ ತರಗತಿ. ಐವತ್ತೊಂಬತ್ತನೆಯ ವಯಸ್ಸಿಗೆ ಹತ್ತಿರವಾಗಿದ್ದರು. ಸಂಯೋಜನೆ ಕಲಿಯಬೇಕಾದವರು ಪಕ್ಕವಾದ್ಯದ ಹೆಸರಿನಲ್ಲಿ ಬಂದು ಕೂತರು.

ಎಂಬತ್ತರ ಗಡಿ ದಾಟಿದ ಮೇಲೆ ಕಣ್ಣು ಬಹುತೇಕ ಹೋಯಿತು. ಪುಟ ಕಾಣದಿದ್ದರೂ ಪಾಠ ನಿಲ್ಲಲಿಲ್ಲ. ಶಿಷ್ಯರು ನುಡಿಸುತ್ತಿದ್ದರು, ಅವರು ಕೇಳಿ ಒಳಧ್ವನಿಯ ತಪ್ಪನ್ನು ಹಿಡಿಯುತ್ತಿದ್ದರು. ಪ್ರತಿ ಮಾರ್ಚ್ ತಿಂಗಳು ಲಿಲಿಯ ಹೆಸರಿನ ಪ್ರಾರ್ಥನೆಗೆ ಶಿಷ್ಯರೆಲ್ಲ ಬರಬೇಕಿತ್ತು. 1970ರಲ್ಲಿ ಪ್ಯಾರಿಸ್ ನಗರಾಡಳಿತವು ಅವರ ಮನೆಯ ಮುಂದಿನ ಜಾಗಕ್ಕೆ ‘ಪ್ಲಾಸ್ ಲಿಲಿ ಬೂಲಾಂಜೆ’ ಎಂದು ಹೆಸರಿಟ್ಟಿತು. ಅರವತ್ತಾರು ವರ್ಷ ರ‍್ಯೂ ಬಾಲ್ಯು ಎಂದು ಬರೆಯುತ್ತಿದ್ದ ವಿಳಾಸದಲ್ಲಿ ಅಂದಿನಿಂದ ತಂಗಿಯ ಹೆಸರು ಬಂದಿತು. 1979ರ ಅಕ್ಟೋಬರ್ 22ರಂದು, 92ನೆಯ ವಯಸ್ಸಿನಲ್ಲಿ ನಾದಿಯಾ ತೀರಿಕೊಂಡರು. ಮೋಂಮಾರ್ತ್ರ್ ಸ್ಮಶಾನದಲ್ಲಿ ಲಿಲಿಯ ಸಮಾಧಿಯಲ್ಲೇ ಅವರನ್ನೂ ಇಡಲಾಯಿತು.